ನಾಲ್ಕು ವರ್ಷದ ಬೀಗ

ಆಗಸ್ಟ್ 18, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಎಚ್.ಡಿ. ಕೋಟೆ ಠಾಣೆಗೆ ಬಂದ ದೂರು ಕೇಳಿ ಇನ್‌ಸ್ಪೆಕ್ಟರ್ ರೇಣುಕಾಪ್ರಸಾದ್ ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. ಅಂತರಸಂತೆಯ ಸುಕನ್ಯಳ ತೋಟಕ್ಕೆ ಯಾರೋ ಬೀಗ ಹಾಕಿದ್ದರು. ತೋಟ ಇದ್ದದ್ದು ಮೊಬೈಲಿನಲ್ಲಿ.

ಅದು ಬ್ಲಾಕ್‌ಚೈನ್ ಆಟ. ದಿನಾ ಒಂದಿಷ್ಟು ನೀರು, ಒಂದಿಷ್ಟು ಗೊಬ್ಬರ. ಅವಸರ ಮಾಡಿದವರ ಗಿಡ ಒಣಗುತ್ತದೆ, ಕಾದವರ ಮರಕ್ಕೆ ನಿಜದ ದುಡ್ಡಿನ ಬೆಲೆ ಬರುತ್ತದೆ. ಮೂರು ವರ್ಷ ಕಾದಿದ್ದ ಸುಕನ್ಯ ಈ ವಾರ ತೋಟ ಮಾರಿ ಮೈಸೂರಿನಲ್ಲಿ ಹೊಲಿಗೆ ಅಂಗಡಿ ಇಡುವವಳಿದ್ದಳು. ಶುಕ್ರವಾರ ಮಧ್ಯಾಹ್ನ ಯಾರೋ ಅವಳ ಖಾತೆಗೆ ನುಗ್ಗಿ, ನಾಲ್ಕು ವರ್ಷ ತೋಟ ಮಾರಲಾಗದಂತೆ ಕಟ್ಟಿಹಾಕಿದ್ದರು. ಆ ಆಟದಲ್ಲಿ ಒಮ್ಮೆ ಬಿದ್ದ ಬೀಗವನ್ನು ಆಟ ಮಾಡಿದವರೂ ತೆಗೆಯಲಾರರು.

ಎಫ್‌ಐಆರ್ ಆಯಿತು. ಖಾತೆ ತೆರೆಯಲು ಹನ್ನೆರಡು ಇಂಗ್ಲಿಷ್ ಪದಗಳು ಬೇಕು, ಅವೂ ಕೊಟ್ಟ ಕ್ರಮದಲ್ಲೇ. ಎಲ್ಲೂ ಬರೆದಿಡಬೇಡ ಎಂದು ಆಟವೇ ಎಚ್ಚರಿಸಿತ್ತು, ಅವಳು ಬರೆದಿರಲಿಲ್ಲ. ಮತ್ತೆ ನೆನಪಿಟ್ಟುಕೊಂಡದ್ದು ಹೇಗೆ?

ಉತ್ತರ ಸಿಕ್ಕಿದ್ದು ಪಂಚನಾಮೆಗೆ ಹೋದಾಗ. ದಾರಿ ಪಕ್ಕದ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಹಾಡುತ್ತಿದ್ದರು: ಟೈಗರು, ಲ್ಯಾಡರು, ಆರೆಂಜು, ಸಾಲ್ಟು... ಹೆಡ್ ಕಾನ್‌ಸ್ಟೆಬಲ್ ಸುಮಿತ್ರಾ ಜೀಪಿನಲ್ಲೇ ನಕ್ಕುಬಿಟ್ಟರು. ಮರೆಯದಿರಲೆಂದು ಸುಕನ್ಯ ಆ ಪದಗಳನ್ನು ಕಳೆ ಹಾಡಿನ ಧಾಟಿಗೆ ಕೂರಿಸಿ, ಇವರ ಜೊತೆ ಕೂಲಿಗೆ ಹೋದಾಗ ಗುನುಗಿಕೊಂಡಿದ್ದಳು. ಹೊಲದಲ್ಲಿ ಒಬ್ಬಳು ದನಿ ಎತ್ತಿದರೆ ಉಳಿದವರು ಸೊಲ್ಲು ಹಿಡಿಯದೆ ಬಿಡುತ್ತಾರೆಯೇ? ಪುಣ್ಯಾತ್ಗಿತ್ತಿ ಊರಿಗೆಲ್ಲ ಬೀಗದಕೈ ಹಂಚಿದ್ದಳು.

ಆದರೆ ರೇಣುಕಾಪ್ರಸಾದರನ್ನು ಕಾಡಿದ್ದು ಬೇರೆ. ಕಳ್ಳನಾದವನು ಹೊತ್ತುಕೊಂಡು ಹೋಗುತ್ತಾನೆ. ಇಲ್ಲಿ ಒಂದೆಲೆಯೂ ಆಚೆ ಹೋಗಿರಲಿಲ್ಲ.

"ನಿನ್ನ ಜೊತೆ ಆ ತೋಟ ನೋಡ್ಕೊಳ್ತಿದ್ದೋರು ಯಾರಮ್ಮ?"

"ಪಕ್ಕದ್ಮನೆ ಸವಿತಕ್ಕ, ಸಾ. ದಿನಾ ಸಂಜೆ ಒಂದ್ಗಂಟೆ ಬತ್ತಿದ್ಲು."

ಶುಕ್ರವಾರ ಸವಿತಾ ಮಾತ್ರ ಕೆಲಸಕ್ಕೆ ಬಂದಿರಲಿಲ್ಲ ಎಂದು ಹೊಲದ ಹೆಂಗಸರು ಹೇಳಿದರು. ಅವಳಿಗೆ ಸ್ವಂತ ಫೋನಿಲ್ಲ. ಪಂಚರ ಮುಂದೆ ಅವಳ ಗಂಡನ ಫೋನು ಜಪ್ತಿಯಾಯಿತು, ಆಟ ಅದರಲ್ಲಿತ್ತು. ಅವನು ಉಂಡು ಮಲಗಿದ್ದಾಗ ಹಾಡಿನ ಪದಗಳನ್ನೇ ಸಾಲಾಗಿ ಒತ್ತಿ ಈ ಕೆಲಸ ಮಾಡಿದೆನೆಂದು ಸವಿತಾ ತಡವರಿಸದೆ ಒಪ್ಪಿಕೊಂಡಳು. ಕೂಲಿಯ ಹೊಲ ಮತ್ತು ಸುಕನ್ಯಳ ಜಗಲಿ ಬಿಟ್ಟರೆ ಗಂಡ ಅವಳನ್ನು ಎಲ್ಲಿಗೂ ಬಿಡುತ್ತಿರಲಿಲ್ಲ.

"ತೋಟ ಮಾರುದ್ರೆ ಅವ್ಳು ಮೈಸೂರ್ಗೆ ಒಂಟೋಯ್ತಾಳೆ. ಆ ಒಂದ್ಗಂಟೆ ಬುಟ್ರೆ ನಂಗಿನ್ನೇನಿತ್ತು, ಸಾ?"

ಮಧ್ಯಾಹ್ನ ಮೂರಕ್ಕೆ ಬಂಧನವಾಯಿತು. ಠಾಣೆಯಲ್ಲೇ ಜಾಮೀನು ಕೊಡಬೇಕಾದ ಕಲಂ. ಸುಕನ್ಯ ಹೇಳಿಕೆಗೆ ಸಹಿ ಹಾಕಿ ಕೋಟೆಯಿಂದ ಬಸ್ಸು ಹತ್ತಿದ್ದಳು, ಮೈಸೂರಿನದಲ್ಲ, ಅಂತರಸಂತೆಯದೇ. ಐದು ಗಂಟೆಗೆ ಜಾಮೀನು ನಿಲ್ಲಲು ಬಂದವನು ಸವಿತಾಳ ಗಂಡ.

"ಏಳಮ್ಮ, ನಿಮ್ ಯಜಮಾನ್ರು ಬಂದವ್ರೆ" ಎಂದರು ಸುಮಿತ್ರಾ.

ಸವಿತಾ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. "ಇವತ್ತೊಂದಿನ ಇಲ್ಲೇ ಇರ್ಲಾ, ಅಕ್ಕ?"

ಹಾಗೆ ಇಟ್ಟುಕೊಳ್ಳಲು ಯಾವ ಕಾನೂನಿನಲ್ಲೂ ಜಾಗವಿರಲಿಲ್ಲ. ರೇಣುಕಾಪ್ರಸಾದ್ ಜಾಮೀನಿನ ಕಾಗದವನ್ನು ಗಂಡನ ಮುಂದೆ ಸರಿಸಿ, ಸಹಿ ಹಾಕಬೇಕಾದ ಕಡೆ ಬೆರಳಿಟ್ಟು ತೋರಿಸಿದರು.