ಹಳ್ಳದ ದಾರಿಯ ಬೆಂಕಿ

೧೯೮೩ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ರಶೀದಾ ಕಳಸ ಠಾಣೆಗೆ ಬಂದಾಗ ಅವಳ ಸೀರೆಯಲ್ಲಿ ಇನ್ನೂ ಹೊಗೆಯ ವಾಸನೆ ಇತ್ತು. ಹಿಂದಿನ ದಿನ ಕೆಳಗಿನಕೊಡಿಗೆ ಊರಿನ ಮೇಲಿನ ಕಾಡಿಗೆ ಬೆಂಕಿ ಬಿದ್ದಿತ್ತು. ಆರಿಸಲು ಹೋದ ಅವಳ ಗಂಡ, ಜೀಪ್ ಮೆಕ್ಯಾನಿಕ್ ಗುಲಾಮ್ ಮುಸ್ತಫಾ, ಅಲ್ಲೇ ಸುಟ್ಟು ಸತ್ತಿದ್ದ.

"ತಾನಾಗೇ ಬಿದ್ದ ಬೆಂಕಿ ಅಲ್ಲ ಸಾರ್. ಯಾರೋ ಹಚ್ಚಿದಾರೆ. ಯಾರು ಅಂತ ನನಗೆ ಗೊತ್ತಾಗ್ಬೇಕು."

ಸಬ್‌ಇನ್ಸ್‌ಪೆಕ್ಟರ್ ಶಾಂತವೀರಪ್ಪ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಜಿಯಾಉದ್ದೀನ್ ಜೊತೆ ಹೊರಟರು.

ಊರಿನ ಜನ ಆಗಲೇ ತೀರ್ಮಾನ ಮಾಡಿಯಾಗಿತ್ತು. ದನ ಮೇಯಿಸುವ ಲಿಂಗಪ್ಪನನ್ನು ಹಲಸಿನ ಮರಕ್ಕೆ ಕಟ್ಟಿದ್ದರು. ಅವನ ತುಟಿ ಒಡೆದಿತ್ತು. ಸುತ್ತ ನಿಂತವರ ಕೈಯಲ್ಲಿ ಕತ್ತಿ, ದೊಣ್ಣೆ. ಕುಡಿಯುವ ನೀರಿನ ಹಳ್ಳ ಬೂದಿ ಬಿದ್ದು ಕಪ್ಪಾಗಿತ್ತು. ಗುಡ್ಡದ ಹುಲ್ಲೆಲ್ಲ ಸುಟ್ಟು, ಕೊಟ್ಟಿಗೆಗಳಲ್ಲಿ ದನಗಳು ಮೇವಿಲ್ಲದೆ ಕೂಗುತ್ತಿದ್ದವು.

"ಹೊಸ ಹುಲ್ಲು ಚಿಗುರ್ಲಿ ಅಂತ ವರ್ಷಾ ವರ್ಷಾ ಬೆಂಕಿ ಹಾಕೋನು ಇವನೇ!" ಬೆಳೆಗಾರ ಸಿದ್ದಬಸಪ್ಪ ಕೂಗಿದರು. "ನನ್ನ ಮೆಣಸಿನ ಬಳ್ಳಿ ಪೂರಾ ಹೋಯ್ತು. ಇವನನ್ನ ನಮಗೇ ಬಿಟ್ಬಿಡಿ ಸಾರ್."

"ಹಗ್ಗ ಬಿಚ್ಚಿ," ಎಂದರು ಶಾಂತವೀರಪ್ಪ.

ಯಾರೂ ಅಲುಗಾಡಲಿಲ್ಲ. ಜಿಯಾಉದ್ದೀನ್ ಗುಂಪಿನೊಳಗೆ ನುಗ್ಗಿ ತಾನೇ ಗಂಟು ಬಿಚ್ಚಿದ.

ಸಿದ್ದಬಸಪ್ಪನವರನ್ನೂ ಇನ್ನೊಬ್ಬರನ್ನೂ ಪಂಚರಾಗಿ ಕರೆದುಕೊಂಡು ಶಾಂತವೀರಪ್ಪ ಸ್ಥಳ ಪಂಚನಾಮೆಗೆ ಕಾಡು ಹತ್ತಿದರು. ಕಾಲಡಿಯ ಬೂದಿ ಇನ್ನೂ ಬಿಸಿಯಾಗಿತ್ತು. ಬೆಂಕಿ ಹುಲ್ಲುಗಾವಲಿನಿಂದ ಇಳಿದು ಬಂದಿರಲಿಲ್ಲ; ಹಳ್ಳದ ಪಕ್ಕದ ಕಾಲುದಾರಿಯಿಂದ ಮೇಲಕ್ಕೆ ಹತ್ತಿತ್ತು. ಅಲ್ಲಿದ್ದ ಲಂಟಾನ ಪೊದೆಯ ಸುತ್ತ ಯಾರೋ ಮೊದಲೇ ಗಿಡ ಕಡಿದು, ನೆಲ ಕೆರೆದು ಬೆಂಕಿ ದಾಟದಂತೆ ಮಾಡಿದ್ದರು. ಆದರೂ ಗಾಳಿಗೆ ದಾಟಿತ್ತು.

"ಹಚ್ಚಿದವನಿಗೆ ಈ ಪೊದೆ ಮಾತ್ರ ಸುಡಬೇಕಿತ್ತು," ಎಂದರು ಶಾಂತವೀರಪ್ಪ. "ಈ ದಾರೀಲಿ ಯಾರು ಓಡಾಡ್ತಾರೆ?"

ಸಿದ್ದಬಸಪ್ಪ ತಡವರಿಸಿದರು. "ಶಿವಯ್ಯನ ಮನೆಯವರು ಮಾತ್ರ. ಹೋದ ತಿಂಗಳು ಅವನ ದೊಡ್ಡ ಮಗಳನ್ನ ಕರಡಿ ಹರಿದು ಹಾಕಿದ್ದು ಇಲ್ಲೇ. ಹುಡುಗಿ ಉಳೀಲಿಲ್ಲ."

ಕೂಲಿ ಕೆಲಸದ ಶಿವಯ್ಯ ಮನೆಯ ಜಗಲಿಯಲ್ಲಿ ಕೂತಿದ್ದ. ಎರಡೂ ಕೈಯಲ್ಲಿ ಸುಟ್ಟ ಬೊಬ್ಬೆಗಳು.

"ಕೈಗೇನಾಯ್ತು?"

"ಬೆಂಕಿ ಆರಿಸೋಕೆ ಹೋಗಿದ್ದೆ."

"ಹಚ್ಚಿದ್ದು ಯಾರು?"

ಶಿವಯ್ಯ ಕೈಗಳನ್ನು ಪಂಚೆಯಲ್ಲಿ ಮುಚ್ಚಿಕೊಂಡ. ಬಾಗಿಲಿಗೆ ಬಂದ ಹೆಂಡತಿ ತುಂಗಮ್ಮ, "ಹೇಳ್ಬಿಡಿ," ಎಂದಳು. "ಪಾಪ, ಲಿಂಗಪ್ಪಣ್ಣನ್ನ ಸಾಯಿಸಿಬಿಡ್ತಾರೆ."

"ನಾನೇ ಸಾರ್," ಎಂದ ಶಿವಯ್ಯ. "ಕರಡಿ ಆ ಪೊದೇಲೇ ಇರ್ತಿತ್ತು. ಕಡಿಸಿ ಅಂತ ಸಿಕ್ಕಿದವರಿಗೆಲ್ಲ ಕೈಮುಗಿದೆ, ಯಾರೂ ಬರಲಿಲ್ಲ. ಸಣ್ಣೋಳೂ ಅದೇ ದಾರೀಲಿ ಶಾಲೆಗೆ ಹೋಗ್ಬೇಕು. ಇದ್ದಕ್ಕಿದ್ದಂಗೆ ಗಾಳಿ ತಿರುಗ್ತು."

ಅವನನ್ನು ಅಲ್ಲೇ ಬಂಧಿಸಿ ಠಾಣೆಗೆ ತಂದರು. ರಶೀದಾ ಇನ್ನೂ ಅಲ್ಲೇ ಕಾಯುತ್ತಿದ್ದಳು. "ಹಚ್ಚಿದ್ದು ಇವನೇ," ಎಂದರು ಶಾಂತವೀರಪ್ಪ. ಅವನ ಮುಖ ನೋಡಿ ಎದ್ದು ನಿಂತಳು.

"ನಿಮ್ಮ ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಮ್ಮನೆಯವರೇ ಅಲ್ವಾ?"

"ಹೌದು ತಾಯಿ." ಶಿವಯ್ಯ ತಲೆ ಎತ್ತಲಿಲ್ಲ. "ಜೀಪ್ ಓಡಿಸ್ತಾ, 'ಮಗೂ, ಇನ್ನೇನು ಆಸ್ಪತ್ರೆ ಬಂತು, ಇನ್ನೇನು ಬಂತು' ಅಂತ ದಾರಿ ಪೂರಾ ಹೇಳ್ತಾನೇ ಇದ್ರು."

ರಶೀದಾ ಮತ್ತೆ ಬೆಂಚಿನ ಮೇಲೆ ಕೂತಳು. ಹಿಂದಿನ ದಿನದಿಂದ ಬಾರದಿದ್ದ ಅಳು ಆಗ ಬಂತು.