ಮುಚ್ಚಿದ ಕೋಣೆಯ ಮಾತುಕತೆ

ಎಸ್ಟೇಟ್ ಗೆಸ್ಟ್‌ಹೌಸಿನ ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತೆಗೆದು ಒಳಗೆ ನುಗ್ಗಿದರೆ ನನ್ನ ಅಕ್ಕನ ಮಗಳು ಜೋಯಾ ನೆಲದ ಮೇಲೆ ಬಿದ್ದಿದ್ದಳು. ಗ್ಯಾಸ್ ಗೀಸರ್ ಇನ್ನೂ ಉರಿಯುತ್ತಿತ್ತು. ಗಾಳಿಕಿಂಡಿಗೆ ಯಾರೋ ಗೋಣಿಚೀಲ ತುರುಕಿದ್ದರು. ನಾನು ಅದನ್ನು ಕಿತ್ತಾಗ ನೀರು ಸೋರಿ ಮೊಣಕೈವರೆಗೂ ಇಳಿಯಿತು. ಹುಡುಗಿಯನ್ನು ಕಂಬಳಿಯಲ್ಲಿ ಸುತ್ತಿ, ಜೀಪಿಗೆ ಹಾಕಿಕೊಂಡು ಮೂಡಿಗೆರೆ ಆಸ್ಪತ್ರೆಗೆ ಓಡಿಸಿದೆ. ದಾರಿಯುದ್ದಕ್ಕೂ ಹೆಸರು ಹಿಡಿದು ಕೂಗಿದೆ. ಒಂದು ಸಲವೂ ಓಗೊಡಲಿಲ್ಲ.

ಜೀವ ಉಳಿದಿದೆ, ಪ್ರಜ್ಞೆ ಯಾವಾಗ ಬರುತ್ತದೋ ಹೇಳಲಾಗದು ಎಂದರು ಡಾಕ್ಟರು. ಸಬ್ ಇನ್ಸ್‌ಪೆಕ್ಟರ್ ಹಾಲೇಶ್ ಬಂದು ನೋಡಿ, "ಗೀಸರ್ ಗ್ಯಾಸಿಂದು ಇದೇ ಗೋಳು ನಜೀರ್. ಚಿಲಕ ಹಾಕಿತ್ತು ಅಂತ ಹೇಳೋನು ನೀನೊಬ್ಬನೇ ಅಲ್ವಾ" ಎಂದರು. ನನಗೆ ಪಿತ್ತ ನೆತ್ತಿಗೇರಿತು. ಬಣಕಲ್ಲಿನ ಗ್ಯಾರೇಜ್ ನಜೀರನಿಗೆ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಆದರೆ ಅವತ್ತು ಜಗಳಕ್ಕೆ ನಿಲ್ಲಲಿಲ್ಲ. ಯಾರೋ ಅವಳನ್ನು ಕೊಲ್ಲಲು ನೋಡಿದ್ದರು, ಅವರು ಇನ್ನೂ ನಮ್ಮ ನಡುವೆಯೇ ಓಡಾಡಿಕೊಂಡಿದ್ದರು. ಅಖ್ತರ್ ಬಾನು ಅಕ್ಕನನ್ನು ಮಗಳ ಪಕ್ಕ ಕೂರಿಸಿ, ನಾನು ಸೀದಾ ಸಿದ್ದಗಂಗಮ್ಮನವರ ಮನೆಗೆ ಹೋದೆ.

ಸಿದ್ದಗಂಗಮ್ಮನವರು ಕೋರ್ಟಿನಲ್ಲಿ ಸರ್ಕಾರಿ ವಕೀಲರಾಗಿ ನಿವೃತ್ತರಾದವರು. ಈ ಸುತ್ತಮುತ್ತ ಯಾರಿಗೆ ಏನು ಬಿಡಿಸಲಾಗದ ಗೋಜಲು ಬಂದರೂ ಅವರ ಜಗಲಿಗೇ ಬರುತ್ತಾರೆ. ಅವರ ಜೀಪು ಓಡಿಸುವವನೂ, ಅವರಿಂದ ಬೈಸಿಕೊಳ್ಳುವವನೂ ನಾನೇ.

"ಅಳೋದು ಆಮೇಲೆ. ಮೊದಲಿಂದ ಹೇಳು ಮಾರಾಯ" ಎಂದರು.

ಹೇಳಿದೆ. ಜೋಯಾ ಹೊರದೇಶದಲ್ಲಿ ದುಭಾಷಿಯಾಗಿದ್ದಳು. ಯುದ್ಧ ನಿಲ್ಲಿಸುವ ಮಾತುಕತೆಗೆಂದು ಒಬ್ಬ ಸೇನಾಧಿಕಾರಿಯ ಡೇರೆಗೆ ಹೋಗಿದ್ದಾಗ ಅವನಿಗೆ ಒಂದು ಫೋನ್ ಬಂತು. ಮಾತು ಇಂಗ್ಲಿಷಿನಲ್ಲಿತ್ತು, ಅವನಿಗೆ ಬಾರದು. ಸ್ಪೀಕರಿಗೆ ಹಾಕಿ, ಇವಳಿಗೆ ತಿಳಿಸಿ ಹೇಳು ಎಂದ. ನದಿ ದಾರಿಯಲ್ಲಿ ಬರುತ್ತಿರುವ ಲಾರಿಗಳಲ್ಲಿ ಔಷಧಿಯಿಲ್ಲ, ಹೊಡೆಯಿರಿ ಎಂದಿತ್ತು ಆ ದನಿ. ಲಾರಿಗಳಲ್ಲಿದ್ದದ್ದು ಔಷಧಿಯೇ, ಜೊತೆಗೆ ದಾದಿಯರು. ಯಾರೂ ಉಳಿಯಲಿಲ್ಲ. "ಆ ಮಾತು ಅವನಿಗೆ ಮುಟ್ಟಿದ್ದು ನನ್ನ ಬಾಯಿಂದ, ಮಾಮು" ಎಂದು ಅವಳು ನನ್ನ ಮುಂದೆ ಅತ್ತಿದ್ದಳು. ಬರುವ ಗುರುವಾರ ಅಂತರರಾಷ್ಟ್ರೀಯ ವಿಚಾರಣಾ ಮಂಡಳಿಯ ಮುಂದೆ ಅವಳು ಸಾಕ್ಷಿ ಹೇಳಬೇಕಿತ್ತು. ಫೋನ್ ಮಾಡಿದವನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ದನಿ ಮಾತ್ರ ಗೊತ್ತಿತ್ತು.

"ದೇವರಮನೆ ದಾರಿಯ ಆ ಎಸ್ಟೇಟಿಗೆ ಯಾಕೆ ಹೋದಳು?"

"ಶಶಿಕಿರಣ್ ಅವ್ರು ಕರೆದ್ರು ಅಮ್ಮ. ಅಲ್ಲಿ ಸಿಗ್ನಲ್ ಇಲ್ಲ, ಯಾರಿಗೂ ಸಿಗಲ್ಲ, ನೆಮ್ಮದಿಯಾಗಿ ಇರಿ ಅಂದ್ರು."

ಶಶಿಕಿರಣ್ ದೆಹಲಿಯ ಒಂದು ಸಂಸ್ಥೆಯಲ್ಲಿ ಬಹಳ ವರ್ಷ ಇದ್ದವರು. ಹೊರದೇಶದ ಜಗಳಗಳಿಗೆಲ್ಲ ಸಲಹೆಗಾರರಾಗಿ ಹೋಗುತ್ತಿದ್ದರಂತೆ. ಈಗ ತಂದೆಯ ಕಾಫಿ ಎಸ್ಟೇಟ್ ನೋಡಿಕೊಂಡು, ಒಂದು ಕೋಣೆಯಲ್ಲಿ ಮೈಕು, ಕಂಪ್ಯೂಟರ್ ಇಟ್ಟುಕೊಂಡು, ಯುದ್ಧ ಶಾಂತಿ ಬಲ್ಲ ದೊಡ್ಡ ದೊಡ್ಡವರ ಜೊತೆ ಮಾತುಕತೆ ಮಾಡಿ ಲೋಕಕ್ಕೆಲ್ಲ ಕೇಳಿಸುತ್ತಿದ್ದರು. ಕದನವಿರಾಮಗಳು ಯಾಕೆ ಮುರಿಯುತ್ತವೆ ಎಂದು ಜೋಯಾ ಅಲ್ಲಿ ಮಾತಾಡುವುದಿತ್ತು.

ಶನಿವಾರ ಮಧ್ಯಾಹ್ನ ಊಟಕ್ಕೆ ನಾನೂ ಇದ್ದೆ. ಜೋಯಾ ಏನೋ ಗಂಭೀರವಾಗಿ ಹೇಳುತ್ತಿದ್ದಳು. ತಗಡಿನ ಮಾಡಿನ ಮೇಲೆ ಟಪಟಪ ನಾಲ್ಕು ಹನಿ ಬಿದ್ದವು. ಶಶಿಕಿರಣ್ ಬಾಯಲ್ಲಿದ್ದ ತುತ್ತು ನುಂಗದೆ, ಚಪ್ಪಲಿ ಮೆಟ್ಟದೆ ಕಣಕ್ಕೆ ಓಡಿದರು. ಕಣದ ತುಂಬ ತೊಳೆದ ಕಾಫಿ ಬೀಜ, ನಮ್ಮ ಕಡೆ ಪಾರ್ಚ್‌ಮೆಂಟ್ ಅನ್ನುತ್ತಾರೆ, ಒಣಗಲು ಹರಡಿತ್ತು. ಟಾರ್ಪಾಲು ಎಳೆದು ಬಂದು, "ಬೇಜಾರು ಮಾಡ್ಕೋಬೇಡಿ, ಅದು ನೆಂದ್ರೆ ವರ್ಷದ ಬೆಳೆ ಹೋದ ಹಾಗೆ" ಎಂದು ನಕ್ಕರು. ಅವರು ಕೈ ತೊಳೆಯಲು ಹೋದಾಗ ಜೋಯಾ ನನ್ನ ಕಿವಿಯಲ್ಲಿ, "ಮಾಮು, ಇವರ ದನಿ ಎಲ್ಲೋ ಕೇಳಿದ ಹಾಗಿದೆ" ಎಂದಳು. ಟೀವಿಯಲ್ಲಿ ಕೇಳಿರಬೇಕು ಎಂದೆ. ಎಂಥ ಪೆದ್ದ ನಾನು.

ಭಾನುವಾರ ಮಧ್ಯಾಹ್ನ ಶಶಿಕಿರಣ್ ಕೋಣೆಯ ಬಾಗಿಲು ಹಾಕಿಕೊಂಡು ಯಾರೋ ವಿದೇಶಿ ತಜ್ಞರ ಜೊತೆ ಮಾತಿಗೆ ಕೂತರು. ಜೋಯಾ ಸ್ನಾನಕ್ಕೆಂದು ಮೇಲಿನ ಗೆಸ್ಟ್‌ಹೌಸಿಗೆ ಹೋದಳು. ನಾನು ಅಂಗಳದಲ್ಲಿ ಎಸ್ಟೇಟಿನ ಜೀಪು ರಿಪೇರಿ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಮಳೆ ಹೊಯ್ಯಿತು. ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಕಲ್ಲೇಶ್, ಧ್ವನಿಮುದ್ರಣಕ್ಕೆ ಬರುವ ಪ್ರಸಾದ್, ಅಡುಗೆಯ ಅಂಜನಮ್ಮ, ಆಳುಗಳು, ನಾನು, ಎಲ್ಲರೂ ಕಣಕ್ಕೆ ಓಡಿ ಕಾಫಿ ಮುಚ್ಚಿದೆವು. ಮಳೆ ನಿಂತ ಮೇಲೆ ಜೋಯಾ ಬಟ್ಟೆ ಒಣಹಾಕಿದ್ದು ನೆನಪಾಗಿ ಮೇಲಿನ ಗೆಸ್ಟ್‌ಹೌಸಿಗೆ ಹೋದೆ. ಆಮೇಲಿನದು ಹೇಳಿಯಾಗಿದೆ.

"ಗೆಸ್ಟ್‌ಹೌಸ್ ಬೀಗದ ಕೈ ಕಲ್ಲೇಶನ ಹತ್ರ ಇರುತ್ತೆ ಅಮ್ಮ. ಅವನದೇ ಕೆಲಸ. ಅವನ ಕುತ್ತಿಗೆಪಟ್ಟಿ ಹಿಡಿದು ಕೇಳ್ತೀನಿ."

"ಕೈ ಕಟ್ಕೊಂಡು ಜೀಪು ತೆಗಿ" ಎಂದರು ಸಿದ್ದಗಂಗಮ್ಮನವರು.

ಗೆಸ್ಟ್‌ಹೌಸಿನ ಹಿಂದೆ ಅವರು ಗಾಳಿಕಿಂಡಿಯನ್ನೇ ನೋಡುತ್ತ ನಿಂತರು. ಮಾಡಿನ ಸೂರು ಮುಂದಕ್ಕೆ ಚಾಚಿಕೊಂಡಿತ್ತು. ಅದರ ಕೆಳಗಿನ ಗೋಡೆ, ನೆಲ ಎರಡೂ ಒಣಗಿದ್ದವು, ಮಳೆಯ ಕಲೆಯೇ ಇರಲಿಲ್ಲ. ಕೆಳಗೆ ಬಂದು ಕಲ್ಲೇಶನನ್ನು ಕರೆದು, "ಮಳೆ ಬಂದಾಗ ನಿಮ್ಮ ಸಾಹೇಬ್ರು ಬರ್ಲಿಲ್ವ?" ಎಂದು ಕೇಳಿದರು.

"ಅವ್ರು ಮಾತಾಡ್ತಾನೇ ಇದ್ರಮ್ಮ. ಕಣದಿಂದ ಕಿಟಕಿ ಹತ್ರ ಟಾರ್ಪಾಲ್ ತರಕ್ಕೆ ಹೋದಾಗ ಕೇಳಿಸ್ತು. ಕೆಲಸ ಅಂದ್ರೆ ಅಷ್ಟು ನಿಷ್ಠೆ ಅವ್ರಿಗೆ" ಎಂದ ಕಲ್ಲೇಶ್.

ಪ್ರಸಾದನಿಗೆ ಅವತ್ತಿನ ಮುದ್ರಣ ಹಾಕಲು ಹೇಳಿ ಕೊನೆಯವರೆಗೂ ಕೇಳಿದರು. ಜೀಪು ಹತ್ತಿದ ಮೇಲೆ, "ಆಸ್ಪತ್ರೆಗೆ ಬೇಗ ಹೋಗು" ಎಂದರಷ್ಟೆ. ನಾನು ಗೇರ್ ಹಾಕಿ ಜೀಪನ್ನು ಇಳಿಜಾರಿಗೆ ಬಿಟ್ಟೆ.

ಆಸ್ಪತ್ರೆಯಲ್ಲಿ ಶಶಿಕಿರಣ್ ಹಣ್ಣಿನ ಚೀಲ ಹಿಡಿದು ಜೋಯಾಳ ಮಂಚದ ಪಕ್ಕ ನಿಂತಿದ್ದರು. ಅಕ್ಕ ನಮಾಜಿಗೆ ಎದ್ದು ಹೋಗಿದ್ದಳು. "ಪಾಪ, ಏನಾದ್ರೂ ಮಾತಾಡಿದ್ರಾ? ನೀವು ಸುಸ್ತಾಗಿದೀರ ನಜೀರ್, ಹೋಗಿ ಟೀ ಕುಡ್ಕೊಂಡು ಬನ್ನಿ. ನಾನು ಕೂತಿರ್ತೀನಿ" ಎಂದರು. ಎಂಥ ಒಳ್ಳೆಯ ಮನುಷ್ಯ ಎನ್ನಿಸಿ ನನ್ನ ಕಣ್ಣು ತುಂಬಿತು. ಬಾಗಿಲವರೆಗೂ ಹೋದೆ. ಅಲ್ಲಿ ಸಿದ್ದಗಂಗಮ್ಮನವರು ನನ್ನ ರಟ್ಟೆ ಹಿಡಿದು, "ಅವಳ ಪಕ್ಕದಿಂದ ಅಲ್ಲಾಡಬೇಡ" ಎಂದು ಪಿಸುಗುಟ್ಟಿದರು. ಆಮೇಲೆ ಜೋರಾಗಿ, "ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದಾರೆ ಶಶಿಕಿರಣ್ ಅವ್ರೆ" ಎಂದರು. ಅವರು ನಗುತ್ತ ಹೊರಟುಹೋದರು. ಆ ನಗು ನೆನೆದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ.

ಮಂಗಳವಾರ ಬೆಳಿಗ್ಗೆ ಜೋಯಾ ಕಣ್ಣು ಬಿಟ್ಟಳು. ಚಿಲಕ ಹಾಕಿದವರನ್ನು ಅವಳು ನೋಡಿರಲಿಲ್ಲ. ಈ ಸುದ್ದಿ ಯಾರಿಗೂ ಬೇಡ ಎಂದು ಸಿದ್ದಗಂಗಮ್ಮನವರು ನಮ್ಮ ಬಾಯಿಗೆ ಬೀಗ ಹಾಕಿದರು. ಮಧ್ಯಾಹ್ನ ಎಲ್ಲರನ್ನೂ ಶಶಿಕಿರಣರ ಮಾತುಕತೆಯ ಕೋಣೆಗೆ ಕರೆಸಿದರು. ಹಾಲೇಶ್, ಪ್ರಸಾದ್, ಅಂಜನಮ್ಮ ಬಂದರು. ಕಲ್ಲೇಶ್ ಮಾತ್ರ ಬರಲಿಲ್ಲ. ನನ್ನ ಫೋನನ್ನು ಕೇಳಿ ಪಡೆದು ಮೇಜಿನ ಮೇಲೆ ಮಗುಚಿಟ್ಟರು.

"ಆ ಗೋಣಿಚೀಲದಿಂದ ನೀರು ಸೋರ್ತಿತ್ತು. ಗಾಳಿಕಿಂಡಿ ಇರೋದು ಸೂರಿನಡಿ, ಅಲ್ಲಿಗೆ ಮಳೆ ತಾಗಲ್ಲ. ಅಂದ್ರೆ ಚೀಲ ನೆಂದಿದ್ದು ದಾರೀಲಿ. ಮಳೆ ಹೊಯ್ಯೋವಾಗ ಯಾರೋ ಅದನ್ನ ಹೊತ್ತು ಮೇಲೆ ಹೋಗಿದಾರೆ. ಆ ಹೊತ್ತಿಗೆ ಇಲ್ಲಿಯ ಎಲ್ಲರೂ ಕಣದಲ್ಲಿದ್ರು. ಒಬ್ಬರಿಗೊಬ್ಬರು ಸಾಕ್ಷಿ. ಇಲ್ಲದೋರು ಒಬ್ರೇ."

"ನಾನಾ?" ಶಶಿಕಿರಣ್ ನಕ್ಕರು. "ನನ್ನ ಮಾತನ್ನ ಎಲ್ಲರೂ ಕೇಳಿದಾರಲ್ಲ."

"ಹೌದು, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಶನಿವಾರ ನಾಲ್ಕು ಹನಿಗೆ ಊಟ ಬಿಟ್ಟು ಓಡಿದೋರು, ಭಾನುವಾರ ಮಳೆ ಹೊಯ್ತಿದ್ರೂ ಪ್ರಶ್ನೆ ಕೇಳ್ತಾ ಕೂತಿದ್ರಿ. ಪ್ರಸಾದ್, ಆ ಮುದ್ರಣದಲ್ಲಿ ಏನಿತ್ತು ಹೇಳಪ್ಪ."

ಪ್ರಸಾದ್ ಮಾಡಿನತ್ತ ಕೈ ತೋರಿಸಿದ. "ಮಳೆ ಸದ್ದೇ ಇಲ್ಲ ಅಮ್ಮ. ಈ ಶೀಟ್ ಮೇಲೆ ಮಳೆ ಬಿದ್ರೆ ಮೈಕಿನಲ್ಲಿ ಬೇರೇನೂ ಕೇಳಿಸಲ್ಲ. ಸದ್ದನ್ನ ಅಳಿಸಿದ್ರೆ ದನಿನೂ ಕೆಡುತ್ತೆ. ಇದು ಕೆಟ್ಟಿಲ್ಲ."

"ಮೊದಲೇ ಮಾಡಿಟ್ಟ ಮಾತುಕತೆ. ಅದನ್ನ ಜೋರಾಗಿ ಹಾಕಿ, ಹಿಂಬಾಗಿಲಿಂದ ಕಾಫಿ ಗಿಡಗಳ ನಡುವೆ ಹೋದ್ರಿ. ಮಳೆ ಬರುತ್ತೆ ಅಂತ ನಿಮಗೇನು ಗೊತ್ತು? ಬಂದ ಮೇಲೆ ಕಣಕ್ಕೆ ಓಡೋ ಹಾಗೂ ಇಲ್ಲ, ದನಿ ಕೋಣೇಲಿದೆ, ಮನುಷ್ಯ ಹೊರಗೆ."

ಶಶಿಕಿರಣರ ಮುಖ ಕೆಂಪಾಯಿತು. "ನೋಡಿ ಅಮ್ಮ, ದೇಶದೇಶಗಳ ಯುದ್ಧದ ವಿಷಯ ಮಾತಾಡೋನು ನಾನು. ಮಾತಿಗೆ ಕೂತ್ರೆ ಮಳೆ, ಕಾಫಿ ಯಾವುದೂ ನನ್ನ ಗಮನಕ್ಕೆ..."

ನಾನು ಕಿಟಕಿಯ ಬಳಿ ನಿಂತು ಟವೆಲಿನಿಂದ ತಲೆ ಒರೆಸಿಕೊಂಡೆ. ಮಾಡಿನ ಮೇಲೆ ಟಪಟಪ ಸದ್ದು ಬಿತ್ತು.

ಶಶಿಕಿರಣರ ಮಾತು ಅರ್ಧಕ್ಕೇ ನಿಂತಿತು. ಕುರ್ಚಿ ಹಿಂದಕ್ಕೆ ಉರುಳಿತು. ಹಾಲೇಶರನ್ನು ತಳ್ಳಿಕೊಂಡು ಅವರು ಬಾಗಿಲಿಗೆ ಓಡಿದರು. ಹೊಸ್ತಿಲಲ್ಲೇ ನಿಂತುಬಿಟ್ಟರು. ಕಣದಲ್ಲಿ ಒಳ್ಳೆ ಬಿಸಿಲು ಕಾಯುತ್ತಿತ್ತು. ಅತ್ತ ಕಲ್ಲೇಶ್, ನನ್ನ ಟವೆಲಿನ ಸನ್ನೆ ನೋಡಿ, ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರ್ ಪೈಪನ್ನು ಮಾಡಿನ ಕಡೆ ತಿರುಗಿಸಿಕೊಂಡು ನಿಂತಿದ್ದ.

ಸಿದ್ದಗಂಗಮ್ಮನವರು ಫೋನನ್ನು ತಿರುಗಿಸಿದರು. ಆ ಕೋಣೆಯ ವೈಫೈ ಮೂಲಕ ಆಸ್ಪತ್ರೆಗೆ ಮಾಡಿದ್ದ ಕರೆ ಮೊದಲಿಂದಲೂ ಆನ್ ಆಗಿಯೇ ಇತ್ತು. "ಎದುರಿಗೆ ಕೂತಾಗ ಅವಳಿಗೆ ದನಿ ಪೂರ್ತಿ ಗುರುತು ಸಿಗಲಿಲ್ಲ. ಅವಳು ಅವತ್ತು ಕೇಳಿದ್ದು ಫೋನಲ್ಲಿ. ಇವತ್ತೂ ಫೋನಲ್ಲೇ ಕೇಳಲಿ ಅಂದ್ಕೊಂಡೆ" ಎಂದರು. "ಜೋಯಾ, ಕೇಳಿಸ್ತಾ ಮಗಳೇ?"

ಮೊದಲು ಉಸಿರಾಟದ ಸದ್ದು ಬಂತು. ಆಮೇಲೆ ಅವಳ ಸಣ್ಣ ದನಿ ಕೇಳಿಸಿತು.

"ಇವರೇ ಅಮ್ಮ. ನದಿ ದಾರೀಲಿ ಬರ್ತಿರೋ ಲಾರೀಲಿ ಔಷಧಿ ಇಲ್ಲ, ಹೊಡೀರಿ ಅಂದಿದ್ದು ಇವರೇ. ಅವತ್ತು ನಿಮ್ಮ ಮಾತನ್ನ ಒಬ್ಬನಿಗೆ ಮುಟ್ಟಿಸ್ದೆ ಶಶಿಕಿರಣ್ ಅವ್ರೆ. ಗುರುವಾರ ಅದೇ ಮಾತನ್ನ ಎಲ್ಲರಿಗೂ ಮುಟ್ಟಿಸ್ತೀನಿ."