ಹೇಂಟೆ ಕೊಟ್ಟ ಹುಡುಗಿ

"ಮಗೂನ ಕೆಳಗೆ ಇಳಿಸಿ!"

ಅಪೊಂಡಿ ಬೆಚ್ಚಿಬಿದ್ದಳು. ಮೂರು ದಿನದ ಬಸ್ ಪ್ರಯಾಣ ಮುಗಿಸಿ ಆಗಷ್ಟೇ ಇಳಿದಿದ್ದಳು. ಓಡಿಬರುತ್ತಾ ಮುಗ್ಗರಿಸಿದ ಪುಟ್ಟ ಹುಡುಗಿಯೊಬ್ಬಳನ್ನು ಎತ್ತಿಕೊಂಡಿದ್ದಳು, ಅಷ್ಟೇ. ಮೊಣಕೈವರೆಗೂ ಕೆಮ್ಮಣ್ಣು ಮೆತ್ತಿಕೊಂಡ ಎತ್ತರದ ಯುವಕನೊಬ್ಬ ಎದುರಿಗೆ ನಿಂತು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಬಿದ್ದುಬಿಟ್ಟಳು... ಅದಕ್ಕೇ..."

"ಬಿದ್ದರೆ ಎದ್ದೇಳ್ತಾಳೆ. ಅದು ನಮ್ಮ ಮಕ್ಕಳಿಗೆ ಗೊತ್ತು. ನೀವು ಎತ್ತಿಕೊಳ್ತೀರಿ, ಮುದ್ದು ಮಾಡ್ತೀರಿ, ತಿಂಗಳು ಕಳೆದ ಮೇಲೆ ಬಸ್ ಹತ್ತಿ ಹೋಗ್ತೀರಿ. ಆಮೇಲೆ ಇವಳು ಊಟ ಬಿಟ್ಟು ರಸ್ತೆ ನೋಡ್ಕೊಂಡು ಕೂರ್ತಾಳಲ್ಲ, ಆಗ ಸಮಾಧಾನ ಮಾಡೋರು ಯಾರು?"

ಅಪೊಂಡಿಯ ಕಣ್ಣು ತುಂಬಿ ಬಂತು. ಮಗುವನ್ನು ಮೆಲ್ಲಗೆ ಇಳಿಸಿದಳು.

'ಸೇವೆ ಮಾಡೋಕೆ ಬಂದು ಮೊದಲ ಹೆಜ್ಜೆಯಲ್ಲೇ ತಪ್ಪು ಮಾಡಿದೆನಾ ದೇವರೇ...'

ಮಲಾವಿಯ ಆ ಹಳ್ಳಿಯ ಅನಾಥಾಲಯಕ್ಕೆ ಕೆನ್ಯಾದ ಕಿಸುಮುವಿನಿಂದ ಚರ್ಚಿನ ತಂಡ ಬಂದಿತ್ತು. ಮಳೆಗಾಲಕ್ಕೆ ಮುಂಚೆ ಮಕ್ಕಳು ಮಲಗಲು ಒಂದು ಕೋಣೆ ಎಬ್ಬಿಸಬೇಕಿತ್ತು. ತಂಡದ ಹಿರಿಯರು ಪಾದ್ರಿಯ ಹೆಂಡತಿ ಪೌಲೀನಮ್ಮ. ಅಪೊಂಡಿ ಶಿಶುವಿಹಾರದ ಟೀಚರು. ಒಂದು ಮಾತಾಡುವ ಮೊದಲು ನಾಲ್ಕು ಸಲ ಯೋಚಿಸುವ ಹುಡುಗಿ.

ಆ ಯುವಕನ ಹೆಸರು ಲಿಂಬಾನಿ. ಅನಾಥಾಲಯದ ಉಸ್ತುವಾರಿ, ಗಾರೆ ಕೆಲಸ, ಲೆಕ್ಕದ ಪಾಠ, ಎಲ್ಲವೂ ಅವನದೇ. ಅವನಿಗೂ ಮಕ್ಕಳಿಗೂ ಶಾಲೆಯ ಇಂಗ್ಲಿಷ್ ಬರುತ್ತಿತ್ತು.

ಅಂದಿನಿಂದ ಅಪೊಂಡಿ ಯಾವ ಮಗುವನ್ನೂ ಎತ್ತಿಕೊಳ್ಳಲಿಲ್ಲ. ಮಕ್ಕಳ ಪಕ್ಕ ನೆಲದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಬಿದ್ದಿದ್ದ ಆ ಹುಡುಗಿ, ತಿಯಾಮಿಕೆ, ತಾನಾಗಿಯೇ ಬಂದು ಅವಳ ತೋಳಿಗೆ ಒರಗುತ್ತಿದ್ದಳು. ಲಿಂಬಾನಿ ದೂರದಿಂದಲೇ ಅದನ್ನು ನೋಡುತ್ತಿದ್ದ.

ಅವನು ಮೊದಲ ಸಲ ನಕ್ಕದ್ದು ಅವಳ ಅಡುಗೆ ಕಂಡು!

ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅವಳೂರಿನಲ್ಲೂ ಉಂಟು, ಅವನೂರಿನಲ್ಲೂ ಉಂಟು. ಆದರೆ ಮಲಾವಿಯವರಿಗೆ ಅದು ಮೆತ್ತಗಿರಬೇಕು. ಅಪೊಂಡಿ ತನ್ನೂರಿನ ರೀತಿಯಲ್ಲಿ ಗಟ್ಟಿಯಾಗಿ ತಿರುವಿಟ್ಟಿದ್ದಳು.

"ಅಕ್ಕಾ, ಇದು ಮುದ್ದೆಯಲ್ಲ, ಇಟ್ಟಿಗೆ!" ಎಂದು ಮಕ್ಕಳು ಗೊಳ್ಳೆಂದರು.

ಲಿಂಬಾನಿ ಒಂದು ತುಣುಕು ಮುರಿದು ಬಾಯಿಗಿಟ್ಟ. ಗಂಭೀರವಾಗಿ ಜಗಿದ. "ಪೌಲೀನಮ್ಮಾ, ಸಿಮೆಂಟ್ ತರಿಸೋದು ಬೇಡ. ಗೋಡೆಗೆ ಇದೇ ಸಾಕು."

"ಹಾಗಾದ್ರೆ ನಿಮ್ಮ ಪಾಲಿನದನ್ನ ಗೋಡೆಗೇ ಮೆತ್ತಿ!" ಅಪೊಂಡಿಯ ಬಾಯಿಂದ ಯೋಚಿಸುವ ಮೊದಲೇ ಮಾತು ಜಾರಿತ್ತು.

ಅವನು ಜೋರಾಗಿ ನಕ್ಕ. ಅಪೊಂಡಿ ತಲೆ ತಗ್ಗಿಸಿದಳು. ಎದೆ ಯಾಕೋ ಡವಗುಟ್ಟಿತು.

ಆ ಸಂಜೆ ಅವನೇ ಮಾತು ತೆಗೆದ.

"ಅವತ್ತು ಒರಟಾಗಿ ಮಾತಾಡಿಬಿಟ್ಟೆ. ಬೇಜಾರು ಮಾಡ್ಕೋಬೇಡಿ. ನಾನೂ ಇದೇ ಅಂಗಳದಲ್ಲಿ ಬೆಳೆದವನು. ಸೋದರಮಾವ ಗಣಿ ಕೆಲಸ ಬಿಟ್ಟು ವಾಪಸ್ ಬರೋವರೆಗೂ ನಂಗೆ ಯಾರೂ ಇರ್ಲಿಲ್ಲ. ಚಿಕ್ಕವನಿದ್ದಾಗ ನಿಮ್ಮ ಹಾಗೇ ಒಬ್ಬಮ್ಮ ಬಂದಿದ್ರು. ಹೋಗುವಾಗ, ಮಾವಿನಹಣ್ಣಿನ ಕಾಲಕ್ಕೆ ಮತ್ತೆ ಬರ್ತೀನಿ ಅಂದ್ರು."

"ಬಂದ್ರಾ?"

"ಮಾವಿನಹಣ್ಣು ಬಂತು. ಪ್ರತಿ ವರ್ಷಾನೂ ಬಂತು."

ಅಪೊಂಡಿಗೆ ಸಮಾಧಾನದ ಮಾತು ಹೇಳಿದರೆ ಸುಳ್ಳಾದೀತೆಂಬ ಭಯ. ಮಡಿಲಲ್ಲಿದ್ದ ಕಡಲೆಕಾಯಿ ಸುಲಿದು ಅವನ ಕೈಗಿಟ್ಟಳು. ಅದೇ ಅವನಿಗೆ ಹಿತವಾಯಿತೆಂದು ಅವಳಿಗೆ ತಿಳಿಯಲಿಲ್ಲ.

ಇಷ್ಟರಲ್ಲಿ ಇಟ್ಟಿಗೆ ಸಾಗಿಸುವ ಲಾರಿ ಕೆಟ್ಟು ನಿಂತಿತು. ಲಿಂಬಾನಿಯ ಸೋದರಮಾವ ಚಿಸಾಲೆ ಕೇಳದೆಯೇ ತನ್ನ ಎತ್ತಿನ ಬಂಡಿ ಕಳಿಸಿಕೊಟ್ಟ. ಅಪೊಂಡಿಗೆ ಮನಸ್ಸು ತುಂಬಿ ಬಂತು. ಅವಳ ಊರಿನಲ್ಲಿ ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವ ವಾಡಿಕೆಯಿಲ್ಲ. ಸಂತೆಯಲ್ಲಿ ಒಂದು ಕೊಬ್ಬಿದ ಹೇಂಟೆ ಕೊಂಡಳು. ಚಿಸಾಲೆಯ ಅಂಗಳಕ್ಕೆ ಹೋಗಿ ಮೊಣಕಾಲೂರಿ ಎರಡೂ ಕೈಯಲ್ಲಿ ಅದನ್ನು ಕೊಟ್ಟಳು.

ಚಿಸಾಲೆ ಹೇಂಟೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಹೇಂಟೆಯನ್ನು ನೋಡಿದ. ಆಮೇಲೆ ಹೆಂಡತಿಯನ್ನು ಕೂಗಿದ. ಅವಳು ಹೊರಗೆ ಬಂದವಳೇ ನಾಲಗೆ ಹೊರಳಿಸಿ ಹಬ್ಬದ ಕೂಗಿನಂತೆ ಉಲಿಯತೊಡಗಿದಳು! ಅಕ್ಕಪಕ್ಕದ ಹೆಂಗಸರೂ ದನಿಗೂಡಿಸಿದರು!

'ಒಂದು ಕೋಳಿಗೆ ಇಷ್ಟು ಸಂಭ್ರಮವಾ! ಎಷ್ಟು ಒಳ್ಳೆಯ ಜನ...' ಎಂದುಕೊಳ್ಳುತ್ತಾ ಅಪೊಂಡಿ ಖುಷಿಯಾಗಿ ಮರಳಿದಳು.

ಮರುದಿನ ಬೆಳಿಗ್ಗೆ ಚಿಸಾಲೆ ಕೋಟು ತೊಟ್ಟು ಬಂದ. ಕಂಕುಳಲ್ಲೊಂದು ಕೆಂಪು ಹುಂಜ. ಅದನ್ನು ಪೌಲೀನಮ್ಮನ ಕೈಗಿಟ್ಟು, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಏನೋ ಹೇಳಿ, ಕೈಕುಲುಕಿ ಹೋದ. ಪೌಲೀನಮ್ಮ ದೇವರಿಗೆ ಸ್ತೋತ್ರ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಹುಂಜ ಸಾರಾಗಿತ್ತು.

ಎಲ್ಲರೂ ಉಂಡು ಕೈ ತೊಳೆದ ಮೇಲೆ ಅನಾಥಾಲಯದ ಅಡುಗೆಯ ನಸಿಬೆಕೊ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಪಟ್ಟಣದಲ್ಲಿ ಮನೆಗೆಲಸ ಮಾಡಿದ್ದ ಅವಳಿಗೆ ಅಪೊಂಡಿಯ ಜೊತೆ ಮಾತಾಡುವಷ್ಟು ಇಂಗ್ಲಿಷ್ ಬರುತ್ತಿತ್ತು.

"ತಿಂದಾಯ್ತಾ? ಇನ್ನೇನು, ಮದುವೆ ಬಟ್ಟೆ ಹೊಲಿಸೋದೊಂದೇ ಬಾಕಿ."

"ಯಾರ ಮದುವೆ ಅಜ್ಜಿ?"

"ಅಯ್ಯೋ ನನ್ನ ಜಾಣೆ! ಹುಡುಗನ ಸೋದರಮಾವ ಹುಂಜ ಕೊಡಬೇಕು, ಹುಡುಗಿ ಸೋದರಮಾವ ಹೇಂಟೆ ಕೊಡಬೇಕು. ಅದಲು ಬದಲಾದ್ರೆ ನಿಶ್ಚಯ ಆದಂಗೆ. ಹುಡುಗೀನೇ ಹೇಂಟೆ ಹೊತ್ಕೊಂಡು ಹೋಗಿದ್ದನ್ನ ನಾನು ಈ ವಯಸ್ಸಿಗೆ ಇದೇ ಮೊದಲು ನೋಡಿದ್ದು. ಗಟ್ಟಿಗಿತ್ತಿ ಕಣೇ ನೀನು!"

ಅಪೊಂಡಿಗೆ ನೆಲವೇ ಬಾಯ್ಬಿಡಬಾರದೇ ಅನ್ನಿಸಿತು. ಪೌಲೀನಮ್ಮ ಸಾರಿನ ಪಾತ್ರೆಯತ್ತ ಅಪರಾಧಿಯಂತೆ ನೋಡಿದರು.

ಅಷ್ಟರಲ್ಲಿ ಬಾಗಿಲಲ್ಲಿ ಲಿಂಬಾನಿ! ಅವನ ಹಿಂದೆ ಅರ್ಧ ಹಳ್ಳಿ.

"ಒಂದು ಮಾತು ಕೇಳಬೇಕಿತ್ತು..." ಅವನ ದನಿ ನಡುಗುತ್ತಿತ್ತು. "ನೀವು... ಗೊತ್ತಿದ್ದೇ ಕೊಟ್ರಾ?"

ಎಷ್ಟೊಂದು ಕಣ್ಣುಗಳು! ಕೋಪದಿಂದ ಕೇಳುತ್ತಿದ್ದಾನೆಂದೇ ಅವಳು ತಿಳಿದಳು.

"ಇಲ್ಲ! ದೇವರಾಣೆ ಇಲ್ಲ! ಬಂಡಿ ಕೊಟ್ರಲ್ಲ, ಅದಕ್ಕೆ ಕೊಟ್ಟೆ, ಅಷ್ಟೇ. ದೊಡ್ಡ ತಪ್ಪಾಯ್ತು, ಕ್ಷಮಿಸಿ..."

ಅವನ ಮುಖದಲ್ಲಿ ಏನೋ ಆರಿಹೋಯಿತು.

"ಸರಿ. ಮಾವನಿಗೆ ಹೇಳ್ತೀನಿ. ಹೇಂಟೆ ವಾಪಸ್ ಬರುತ್ತೆ."

ಮರುದಿನದಿಂದ ಅವನು ಗೋಡೆಯ ಆ ಬದಿಗಿದ್ದರೆ ಅವಳು ಈ ಬದಿಗೆ. ಕೋಣೆಗೆ ತಗಡು ಹೊದಿಸಿಯಾಯಿತು, ಮಕ್ಕಳು ಕುಣಿದರು. ಅವರಿಬ್ಬರು ಮಾತ್ರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

'ನನ್ನಿಂದ ಅವರಿಗೆ ಊರೆದುರು ಅವಮಾನ ಆಯ್ತು. ಬೇಗ ಹೊರಟುಹೋದರೆ ಸಾಕು...' ಒಂದು ದಿನ ಅಡುಗೆಮನೆಯಲ್ಲಿ ಅದನ್ನೇ ಅಜ್ಜಿಗೂ ಹೇಳಿಬಿಟ್ಟಳು.

"ಅವಮಾನವಾ?" ಅಜ್ಜಿ ಸೌಟಿನಿಂದಲೇ ತಲೆಗೆ ಮೊಟಕುವಂತೆ ಮಾಡಿದಳು. "ಅವತ್ತು ಬೆಳಿಗ್ಗೆ ಅವನು ನನ್ನ ಹತ್ರ ಇಸ್ತ್ರಿಪೆಟ್ಟಿಗೆ ಕೇಳ್ಕೊಂಡು ಬಂದಿದ್ದ. ಹುಟ್ಟಿದಾಗಿಂದ ಅಂಗಿಗೆ ಇಸ್ತ್ರಿ ಹಾಕಿದವನಲ್ಲ! ಕೆಂಡ ಊದಿ ಊದಿ ಕಣ್ಣು ಕೆಂಪಗೆ ಮಾಡ್ಕೊಂಡಿದ್ದ. ನಿನ್ನ ಬಾಯಿಂದ ಹೂಂ ಅನ್ನಿಸ್ಕೊಳ್ಳೋಕೆ ಬಂದಿದ್ದ ಕಣೇ ಪೆದ್ದಿ, ಬೈಯೋಕಲ್ಲ."

ಅಪೊಂಡಿ ನಿಂತಲ್ಲೇ ಕಲ್ಲಾದಳು. ಹೌದು... ಅಂಗಿ ಇಸ್ತ್ರಿಯಾಗಿತ್ತು. ಎಲ್ಲವನ್ನೂ ಗಮನಿಸುವ ತನ್ನ ಕಣ್ಣಿಗೆ ಅದು ಕಂಡಿತ್ತು. ಅದರ ಅರ್ಥ ಮಾತ್ರ ಹೊಳೆದಿರಲಿಲ್ಲ.

ಆದರೂ ಅವಳು ಓಡಿಹೋಗಿ ಏನನ್ನೂ ಹೇಳಲಿಲ್ಲ. ಇಲ್ಲಿ ಮಾತು ಕೊಟ್ಟು ಮುರಿದರೆ ಅದು ಬರಿಯ ಮಾತಾಗುವುದಿಲ್ಲ. ಆ ಗಾಯ ಅವನಿಗೆ ಆಗಲೇ ಒಮ್ಮೆ ಆಗಿದೆ.

'ಇದು ಕನಿಕರವಾ? ಊರಿಗೆ ಹೋದ ಮೇಲೆ ಮರೆತುಹೋಗುತ್ತಾ?' ಹಗಲೆಲ್ಲಾ ತನ್ನನ್ನೇ ತಾನು ಕೇಳಿಕೊಂಡಳು. ಕಿಸುಮುವಿನ ಮನೆಯನ್ನು ನೆನೆದಳು, ಸರೋವರದ ಗಾಳಿಯನ್ನು ನೆನೆದಳು. ಅವೆಲ್ಲದರ ನಡುವೆಯೂ ಅವನು ಬಂದು ಕೂತಿದ್ದ. ಗಟ್ಟಿ ಮುದ್ದೆ ಜಗಿಯುತ್ತಾ ನಗುತ್ತಿದ್ದ.

ಕೊನೆಗೆ ಫೋನಿಗೆ ಸಿಗ್ನಲ್ ಸಿಗುವ ಹುತ್ತದ ದಿಬ್ಬ ಹತ್ತಿ ಅಪ್ಪನಿಗೆ ಫೋನ್ ಮಾಡಿದಳು. ಬಹಳ ಹೊತ್ತು ಮಾತಾಡಿದಳು. ಇಳಿದು ಬಂದಾಗ ಕಣ್ಣು ಒದ್ದೆಯಾಗಿತ್ತು. ನೇರವಾಗಿ ಪೌಲೀನಮ್ಮನ ಬಳಿ ಹೋದಳು.

ಹೊರಡುವ ಬೆಳಿಗ್ಗೆ ಬಂತು. ಬಸ್ಸಿನ ಇಂಜಿನ್ ಗುಡುಗುಟ್ಟುತ್ತಿತ್ತು. ತಿಯಾಮಿಕೆ ಬಾಯಿ ಬಿಗಿಹಿಡಿದು ಜಗಲಿಯ ಮೇಲೆ ಕೂತಿದ್ದಳು. ಲಿಂಬಾನಿ ತಲೆಯೆತ್ತದೆ ಚೀಲಗಳನ್ನು ಬಸ್ಸಿನ ಮೇಲಕ್ಕೆ ಏರಿಸುತ್ತಿದ್ದ.

ಚಿಸಾಲೆ ಹೇಂಟೆಯನ್ನು ಹಿಡಿದು ಬಂದ. ಮುಖ ಸಪ್ಪಗಿತ್ತು. ಎರಡೂ ಕೈಯಲ್ಲಿ ಅದನ್ನು ಅಪೊಂಡಿಯತ್ತ ಚಾಚಿದ.

ಅಪೊಂಡಿ ಕೈ ಚಾಚಲಿಲ್ಲ.

ಬದಲಿಗೆ ಪೌಲೀನಮ್ಮ ಮುಂದೆ ಬಂದರು. "ಹುಡುಗಿಯ ಕಡೆ ಹಿರಿಯಳಾಗಿ ಮಾತಾಡ್ತಿದ್ದೀನಿ. ಅವತ್ತು ಇವಳು ಗೊತ್ತಿಲ್ಲದೆ ಕೊಟ್ಟಳು. ಇವತ್ತು ಗೊತ್ತಿದ್ದೇ ಕೊಡ್ತಿದ್ದಾಳೆ. ನಿಮ್ಮ ಹುಂಜಾನ ಮೂಳೆ ಸಮೇತ ಮುಗಿಸಿದ್ದೀವಿ, ಅದನ್ನಂತೂ ವಾಪಸ್ ಕೊಡೋಕಾಗಲ್ಲ!"

ನಸಿಬೆಕೊ ಅಜ್ಜಿ ಅದನ್ನು ತನ್ನ ಭಾಷೆಯಲ್ಲಿ ಕೂಗಿ ಹೇಳಿದಳು. ಬಸ್ಸಿನ ಮೇಲಿಂದ ಒಂದು ಚೀಲ ಧೊಪ್ಪನೆ ಬಿತ್ತು.

ಲಿಂಬಾನಿ ಇಳಿದು ಬಂದ. ಅವಳ ಎದುರು ನಿಂತ.

"ಪಾಪ ಅನ್ನಿಸ್ತಾ ನನ್ನ ಕಂಡು?"

"ಪಾಪ ಅನ್ನಿಸಿದ್ರೆ ಒಂದು ಕಂಬಳಿ ಕೊಟ್ಟು ಹೋಗ್ತಿದ್ದೆ. ಭಯ ಆಗ್ತಿದೆ ಲಿಂಬಾನಿ. ನಂಗೆ ಎಲ್ಲದಕ್ಕೂ ಭಯ. ಆದ್ರೆ ಈ ಬಸ್ ಹತ್ತೋದಕ್ಕೆ ಎಲ್ಲದಕ್ಕಿಂತ ಹೆಚ್ಚು ಭಯ ಆಗ್ತಿದೆ. ಅಲ್ಲಿ ಶಾಲೆಗೆ ಹೇಳಿಯಾಯ್ತು. ಮದುವೆವರೆಗೂ ಅಜ್ಜಿ ಮನೇಲಿರ್ತೀನಿ, ಮಕ್ಕಳಿಗೆ ಪಾಠ ಹೇಳ್ತೀನಿ... ನೀವು ಬೇಡ ಅಂದ್ರೂ ಪಾಠ ಹೇಳ್ತೀನಿ."

"ಬೇಡ ಅಂತೀನಾ!" ಅವನ ಕಣ್ಣು ಹನಿಗೂಡಿತು. "ಅವತ್ತು ನೀನು ಇಲ್ಲ ಅಂದಾಗ ಇಟ್ಟಿಗೆ ಗೂಡಿನ ಹಿಂದೆ ಹೋಗಿ ಅತ್ತೆ. ಗಂಡಸು, ನಾಚಿಕೆಯಿಲ್ಲದೆ ಅತ್ತೆ. ಅಪೊಂಡಿ... ನಿನ್ನನ್ನ ತುಂಬಾ ಪ್ರೀತಿಸ್ತೀನಿ."

"ನಾನೂ..." ಅಂದಳು. ಅದೊಂದೇ ಪದಕ್ಕೆ ಅವಳ ದನಿ ಒಡೆದುಹೋಯಿತು.

ಹೆಂಗಸರು ಮತ್ತೆ ಉಲಿಯತೊಡಗಿದರು. ಬಸ್ಸು ಧೂಳೆಬ್ಬಿಸುತ್ತಾ ಹೊರಟಿತು. ಕಿಟಕಿಯಿಂದ ಪೌಲೀನಮ್ಮ ಕಣ್ಣೊರೆಸಿಕೊಳ್ಳುತ್ತಾ ಕೈಬೀಸಿದರು. ಧೂಳು ತಿಳಿಯಾದ ಮೇಲೂ ಅಪೊಂಡಿ ಅಲ್ಲೇ, ನೆಲದ ಮೇಲೇ ನಿಂತಿದ್ದಳು.

"ನಿಮ್ಮಪ್ಪ ಏನಂದ್ರು?" ಅವನು ಮೆಲ್ಲಗೆ ಕೇಳಿದ.

"ಮೊದಲು ಅತ್ರು. ಆಮೇಲೆ ಬೈದ್ರು. ಕೊನೆಗೆ, ಹುಡುಗ ಬಂದು ನನ್ನ ಕಾಣಲಿ, ಆದ್ರೆ ನಾವು ಕಿಸುಮುವಿನ ಲುವೊ ಜನ, ಕೋಳಿಗೆಲ್ಲ ಬಗ್ಗೋರಲ್ಲ ಅಂತ ಹೇಳು ಅಂದ್ರು."

"ಮತ್ತೆ?"

"ಹೆಣ್ಣಿನ ತೆರ ಅಂತ ಹಸು ಕೇಳ್ತಾರಂತೆ."

ಲಿಂಬಾನಿ ಬಂಡಿಯ ಪಕ್ಕ ಮೆಲುಕು ಹಾಕುತ್ತಿದ್ದ ಮಾವನ ಎತ್ತುಗಳತ್ತ ಆಸೆಯಿಂದ ನೋಡಿದ. ಚಿಸಾಲೆಗೆ ಭಾಷೆ ಅರ್ಥವಾಗದಿದ್ದರೂ ಆ ನೋಟ ಅರ್ಥವಾಯಿತು. ಅವನು ಎದ್ದುಹೋಗಿ ಎತ್ತುಗಳ ಹಗ್ಗವನ್ನು ಭದ್ರವಾಗಿ ಹಿಡಿದುಕೊಂಡ.

"ನೀನೇ ನೋಡು, ಮಾವ ಕೊಡಲ್ಲ. ಇನ್ನು ನಾನೇ ದುಡಿದು ಒಂದೊಂದಾಗಿ ಹೊಡ್ಕೊಂಡು ಬರಬೇಕು. ಅಷ್ಟು ದಿನ ಕಾಯ್ತೀಯಾ?"

ಅಪೊಂಡಿ ಈ ಸಲ ನಾಲ್ಕು ಬಾರಿ ಯೋಚಿಸಲಿಲ್ಲ.

"ಕಾಯೋದ್ಯಾಕೆ? ಒಂದೊಂದನ್ನ ಇಬ್ಬರೂ ಸೇರಿ ಸಾಕಿ ಅಪ್ಪನಿಗೆ ಕೊಡೋಣ."